ಥ್ಯಾಂಕ್ಯೂ ಹೇಳಿ ಬಂದ ಮೇಷ್ಟ್ರು

ಮೇಷ್ಟ್ರ ಮಗಳು ಹೋದ ವಾರ ಮೈಸೂರಿನಿಂದ ಬಂದಿದ್ದಳು. ಅಪ್ಪನ ವರ್ಷಾಬ್ದಿಕಕ್ಕೆ ಒಂದು ಸಣ್ಣ ಪುಸ್ತಕ ಮಾಡಿಸುತ್ತಿದ್ದಾಳಂತೆ. ‘ನೀವೂ ನಾಲ್ಕು ಮಾತು ಬರ್ಕೊಡಿ ಅಕ್ಕ. ಅಪ್ಪಂಗೆ ನಿಮ್ಮನ್ನ ಕಂಡ್ರೆ ಬಹಳ ಗೌರವ’ ಎಂದಳು.

‘ನಾನು ಓದಿದ್ದು ನಾಲ್ಕನೇ ಕ್ಲಾಸು ಕಣೇ.’

‘ಪರವಾಗಿಲ್ಲ, ನಾನು ತಿದ್ತೀನಿ.’

‘ತಿದ್ದೋದಾದ್ರೆ ಬರೆಯಲ್ಲ’ ಎಂದೆ. ಆಯಿತು, ಹಾಗೇ ಹಾಕುತ್ತೇನೆ ಎಂದು ಒಪ್ಪಿಕೊಂಡು ಹೋಗಿದ್ದಾಳೆ. ಮೇಷ್ಟ್ರ ಹೆಸರು ಬರೆಯುತ್ತಿಲ್ಲ. ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಂಟು ಮನೆ, ಒಂದು ನಲ್ಲಿ, ಒಬ್ಬರು ಮೇಷ್ಟ್ರು. ಅಷ್ಟೇ ಗುರುತು ಸಾಕಾಗಿತ್ತು.

ತಿದ್ದುವುದು ಅವರ ರಕ್ತದಲ್ಲಿಯೇ ಇತ್ತು. ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವರು. ಮೂಲೆಮನೆಯ ಪದ್ಮಮ್ಮ ಮಗಳ ಮದುವೆಗೆ ಇಂಗ್ಲಿಷಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸಿ, ಅರಿಶಿನ ಹಚ್ಚಿ, ಮೊದಲನೆಯದನ್ನು ಮೇಷ್ಟ್ರಿಗೇ ಕೊಟ್ಟರು. ಸಂಜೆಯೊಳಗೆ ಅದು ಪದ್ಮಮ್ಮನ ಮನೆಗೆ ವಾಪಸು ಬಂತು, ಮೈತುಂಬ ಕೆಂಪು ಶಾಯಿ ಹಾಕಿಸಿಕೊಂಡು. ಕೆಳಗಡೆ ಹತ್ತಕ್ಕೆ ನಾಲ್ಕು ಎಂದು ನಂಬರನ್ನೂ ಕೊಟ್ಟಿದ್ದರು. ಪದ್ಮಮ್ಮ ಎರಡು ದಿನ ಅತ್ತರು. ಮೇಷ್ಟ್ರು ಮದುವೆಗೆ ಹೋದರು, ಚೆನ್ನಾಗಿ ಊಟ ಮಾಡಿದರು, ಪಾಯಸಕ್ಕೆ ಏಲಕ್ಕಿ ಕಡಿಮೆ ಎಂದು ಹೇಳಿ ಬಂದರು.

ಹೆಂಡತಿ ತೀರಿಕೊಂಡ ಮೇಲೆ ಅವರೇ ಅಡಿಗೆ ಮಾಡಿಕೊಳ್ಳುತ್ತಿದ್ದರು. ದಿನವೂ ಒಂದೇ ಸಾರು. ನಾನು ಎಂದಾದರೂ ಹುಳಿ ಕಳಿಸಿದರೆ ಪಾತ್ರೆಯನ್ನು ತೊಳೆದು ತಾವೇ ತಂದುಕೊಟ್ಟು, ‘ಬೇಳೆ ಇನ್ನೊಂದು ಕುದಿ ಬೇಕಿತ್ತು’ ಎನ್ನುತ್ತಿದ್ದರು. ಚೆನ್ನಾಗಿತ್ತು ಎಂದು ಒಂದು ದಿನವೂ ಅಂದವರಲ್ಲ. ನನಗೂ ಅದು ಅಭ್ಯಾಸವಾಗಿತ್ತು. ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಎನ್ನುವವರಿಗಿಂತ ವಾಸಿ.

ಇಂಗ್ಲಿಷಿನಲ್ಲಿಯೂ ಅವರಿಗೆ ಮಡಿ ಮೈಲಿಗೆ ಇತ್ತು. ದೊಡ್ಡ ದೊಡ್ಡ ಪದಗಳೆಂದರೆ ಪ್ರಾಣ. ಗೆಟ್, ಪುಟ್, ಟೇಕ್ ಇಂಥ ಚಿಕ್ಕ ಪದಗಳನ್ನು ಕಂಡರೆ ಮುಖ ಕಿವುಚುತ್ತಿದ್ದರು. ‘ಗೆಟ್ ಅನ್ನೋದು ಸೋಮಾರಿಗಳ ಮಾತು ಕಣಮ್ಮ. ಬೇರೆ ಪದ ಗೊತ್ತಿಲ್ದೋರು ಎಲ್ಲದಕ್ಕೂ ಗೆಟ್ ಗೆಟ್ ಅಂತಾರೆ’ ಎನ್ನುವರು. ಟ್ಯೂಷನ್ ಮಕ್ಕಳು ಬಾಯಿ ತಪ್ಪಿ ಆ ಪದ ಆಡಿದರೆ ಎದ್ದು ನಿಲ್ಲಿಸುತ್ತಿದ್ದರು. ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಬಂದರೆ ಕಣ್ಣು ಮುಚ್ಚಿ ಸಂಗೀತದಂತೆ ಕೇಳುವರು. ಮುಗಿದ ಮೇಲೆ ಒಂದು ಪದ ಬಿಡದೆ ಒಪ್ಪಿಸುವರು. ಅಂಥವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಾನು ಹೇಗೆ ತಿಳಿಯಲಿ?

ತೊಂಬತ್ತರ ದಶಕದ ನಡುವೆ ನಮ್ಮ ಯಜಮಾನರು ಕೆಲಸ ಮಾಡುತ್ತಿದ್ದ ಮಿಲ್ಲು ಮುಚ್ಚಿತು. ಅವರು ಬೆಳಿಗ್ಗೆ ಎದ್ದು, ಶೇವ್ ಮಾಡಿಕೊಂಡು, ಹೋಗಲು ಜಾಗವಿಲ್ಲದೆ ಗೋಡೆ ನೋಡುತ್ತ ಕೂರುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳು ಹೈಸ್ಕೂಲಿನಲ್ಲಿದ್ದರು. ದೊಡ್ಡವಳನ್ನು ಶಾಲೆ ಬಿಡಿಸಿ ಯಾವುದಾದರೂ ಗಾರ್ಮೆಂಟ್ಸಿಗೆ ಸೇರಿಸಿ ಎಂದು ನಮ್ಮ ಭಾವ ಹೇಳಿ ಹೋದರು. ಅವಳನ್ನು ಬಿಡಿಸುವುದಿಲ್ಲ, ನಾನೇ ಹೋಗುತ್ತೇನೆ ಎಂದು ಬಸವನಗುಡಿಯ ಒಂದು ನರ್ಸರಿ ಶಾಲೆಯಲ್ಲಿ ಆಯಾ ಕೆಲಸಕ್ಕೆ ಸೇರಿದೆ. ಹಳೆಯ ಬಂಗಲೆ, ಮುಂದೆ ಸಂಪಿಗೆ ಮರ, ಅರವತ್ತು ಮಕ್ಕಳು.

ಅಲ್ಲಿ ಒಂದು ಕಟ್ಟುನಿಟ್ಟು ಇತ್ತು. ಗೇಟಿನ ಒಳಗೆ ಮಕ್ಕಳ ಕಿವಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬೀಳಬಾರದು. ಆಯಾ ಆದರೂ ಅಷ್ಟೇ. ನನಗಿಂತ ಮುಂಚೆ ಇದ್ದವಳನ್ನು ಅದಕ್ಕೇ ಬಿಡಿಸಿದ್ದರು. ಹೆಡ್ ಮಿಸ್ ಹೊರಗಿನವರು. ಹುಟ್ಟಿದಾಗಿನಿಂದ ಮನೆಯಲ್ಲಿ ಇಂಗ್ಲಿಷೇ ಆಡಿದವರು, ಕನ್ನಡ ಬಾರದು. ಮೂರು ತಿಂಗಳು ನೋಡುತ್ತೇನೆ, ಇಂಗ್ಲಿಷ್ ಬಂದರೆ ಇರು, ಇಲ್ಲವಾದರೆ ಇಲ್ಲ ಎಂದು ಒಬ್ಬ ಟೀಚರ್ ಕೈಯಲ್ಲಿ ಹೇಳಿಸಿದರು.

ಅವತ್ತೇ ಸಾಯಂಕಾಲ ಮೇಷ್ಟ್ರ ಬಾಗಿಲಿಗೆ ಹೋದೆ. ವಿಷಯ ಕೇಳಿ ಅವರ ಮುಖ ಅರಳಿತು.

‘ಮೂರು ತಿಂಗಳು ಬೇಕಿಲ್ಲಮ್ಮ, ಮೂರು ವಾರ ಸಾಕು. ನಿನ್ನ ಇಂಗ್ಲಿಷ್ ಕೇಳಿ ಆಕೆ ಕುರ್ಚಿ ಬಿಟ್ಟು ಏಳಬೇಕು, ಹಾಗ್ ಮಾಡ್ತೀನಿ.’

ಮಾಡಿದರು. ದಿನಕ್ಕೆ ಎರಡು ವಾಕ್ಯ ಬಾಯಿಪಾಠ. ‘ಮೇಡಂ, ಕೈಂಡ್ಲಿ ಪರ್ಮಿಟ್ ಮಿ’ ಎಂದು ಶುರುವಾದರೆ ಮುಗಿಯುವ ಹೊತ್ತಿಗೆ ನನಗೆ ಏದುಸಿರು. ಒಲೆಯ ಮುಂದೆ, ನಲ್ಲಿಯ ಹತ್ತಿರ, ದಾರಿಯಲ್ಲಿ ಅದನ್ನೇ ಗುನುಗುತ್ತಿದ್ದೆ. ಯಜಮಾನರು, ‘ಇವಳು ಯಾವ ಕಲೆಕ್ಟರಿಗೆ ಅರ್ಜಿ ಹಾಕ್ತಿದಾಳೆ?’ ಎಂದು ಮಕ್ಕಳನ್ನು ಕೇಳಿದರು. ಮಿಲ್ಲು ಮುಚ್ಚಿದ ಮೇಲೆ ಅವರು ತಮಾಷೆ ಮಾಡಿದ್ದು ಅದೇ ಮೊದಲು.

ಶಾಲೆಯಲ್ಲಿ ಕೇಳುತ್ತಿದ್ದ ಇಂಗ್ಲಿಷ್ ಬೇರೆಯೇ ಆಗಿತ್ತು. ಶೂ ಬಿಚ್ಚಬೇಕಾದರೆ ‘ಟೇಕ್ ದೆಮ್ ಆಫ್’. ಸ್ವೆಟರ್ ಹಾಕಬೇಕಾದರೆ ‘ಪುಟ್ ಇಟ್ ಆನ್’. ಬಿದ್ದ ಪೆನ್ಸಿಲ್ ಎತ್ತಿಕೊಳ್ಳಲು ‘ಪಿಕ್ ಇಟ್ ಅಪ್’. ಕಿತ್ತುಕೊಂಡ ಗೊಂಬೆ ವಾಪಸು ಕೊಡಲು ‘ಗಿವ್ ಇಟ್ ಬ್ಯಾಕ್ ಟು ಹರ್’. ಎಲ್ಲ ಅಕ್ಕಿಕಾಳಿನಷ್ಟು ಪದಗಳು. ಮೂರು ವರ್ಷದ ಕೂಸುಗಳು ಅವನ್ನು ತಪ್ಪಿಲ್ಲದೆ ಆಡುತ್ತಿದ್ದವು. ಯಾರೂ ಅವಕ್ಕೆ ಪಾಠ ಮಾಡಿರಲಿಲ್ಲ. ಮಾತು ಕಿವಿಗೆ ಬಿದ್ದ ಕೂಡಲೇ ಕೆಲಸ ನಡೆಯುತ್ತಿತ್ತು, ಅದನ್ನು ನೋಡಿ ಕಲಿತಿದ್ದವು. ನಾನೂ ನೋಡುತ್ತಿದ್ದೆ. ಆದರೆ ಮೇಷ್ಟ್ರು ಹೇಳಿಕೊಟ್ಟದ್ದೇ ನಿಜವಾದ ಇಂಗ್ಲಿಷ್, ಇದು ಮಕ್ಕಳಿಗೆಂದು ಮಾಡಿದ ತೊದಲು ಮಾತು ಎಂದುಕೊಂಡಿದ್ದೆ. ಹೊಸದಾಗಿ ಸೇರಿದ ಮಕ್ಕಳ ತಾಯಂದಿರು ನಮ್ಮ ಮಗುವಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ ಎಂದು ಪೇಚಾಡಿದರೆ ಹೆಡ್ ಮಿಸ್ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: ‘ಶಿ ವಿಲ್ ಪಿಕ್ ಇಟ್ ಅಪ್.’ ಕೇಳಿ ಕೇಳಿ ಹಿಡಿದುಕೊಳ್ಳುತ್ತಾಳೆ, ಚಿಂತೆ ಬೇಡ ಎಂದು ಅರ್ಥ. ಆ ತಾಯಂದಿರ ಮುಖ ಸಡಿಲವಾಗುವುದನ್ನು ನೋಡಿ ಅರ್ಥ ಮಾಡಿಕೊಂಡೆ.

ಸೇರಿ ತಿಂಗಳಾಗಿರಬೇಕು. ಒಂದು ಹೆಣ್ಣುಮಗು ಊಟದ ಹೊತ್ತಿನಲ್ಲಿ ಮೈಮೇಲೆಲ್ಲ ವಾಂತಿ ಮಾಡಿಕೊಂಡಿತು. ಹೆಡ್ ಮಿಸ್ ಓಡಿ ಬಂದರು. ಇದೇ ಸಮಯ ಎಂದು ನಾನು ಕೈ ಕಟ್ಟಿ ನಿಂತು ಒಪ್ಪಿಸಿದೆ: ‘ಮೇಡಂ, ಕೈಂಡ್ಲಿ ಪರ್ಮಿಟ್ ಮಿ ಟು ರಿಮೂವ್ ದಿ ಗಾರ್ಮೆಂಟ್ಸ್ ಆಫ್ ದಿಸ್ ಚೈಲ್ಡ್.’

ಮಗು ವಾಸನೆ ಹೊಡೆಯುತ್ತ ನಿಂತಿದೆ, ನಾನು ಅರ್ಜಿ ಓದುತ್ತಿದ್ದೇನೆ. ಇಬ್ಬರು ಟೀಚರುಗಳು ಗೋಡೆಯ ಕಡೆ ತಿರುಗಿ ನಕ್ಕರು. ಹೆಡ್ ಮಿಸ್ ನಗಲಿಲ್ಲ. ನಾನು ಅವರನ್ನು ಅಣಕಿಸುತ್ತಿದ್ದೇನೆ ಎಂದುಕೊಂಡರು. ತಾವೇ ಆ ಮಗುವಿನ ಬಟ್ಟೆ ಬಿಚ್ಚಿದರು. ಸಂಜೆ ಟೀಚರ್ ಕೈಯಲ್ಲಿ ಹೇಳಿ ಕಳಿಸಿದರು, ನಿನ್ನ ಮಾತು ಮಕ್ಕಳಿಗೂ ತಿಳಿಯುತ್ತಿಲ್ಲ, ನಮಗೂ ತಿಳಿಯುತ್ತಿಲ್ಲ, ಶುಕ್ರವಾರ ಬಂದು ಕಾಣು ಎಂದು.

ಮೇಷ್ಟ್ರಿಗೆ ಹೇಳಿದೆ. ಅವರು ವಾಕ್ಯವನ್ನು ಎರಡು ಸಲ ಹೇಳಿಸಿ ಕೇಳಿದರು.

‘ಒಂದು ತಪ್ಪೂ ಇಲ್ಲವಲ್ಲಮ್ಮ!’

‘ತಪ್ಪಿಲ್ಲ ಮೇಷ್ಟ್ರೇ, ಕೆಲ್ಸ ಹೋಗ್ತಿದೆ.’

‘ನಾನ್ ಬರ್ತೀನಿ. ಆಕೆಗೆ ವಿವರಿಸಿದರೆ ತಿಳಿಯುತ್ತೆ. ಓದಿದ ಹೆಂಗಸು ತಾನೇ?’

ಶುಕ್ರವಾರ ಕರಿಕೋಟು ಹಾಕಿ, ಟೋಪಿ ಇಟ್ಟು ಬಂದರು. ವಠಾರವೇ ಬಾಗಿಲಿಗೆ ಬಂದು ನಿಂತಿತ್ತು. ಪದ್ಮಮ್ಮ, ‘ಮೇಷ್ಟ್ರು ಹೊರಟ್ರು ಅಂದ್ರೆ ಮುಗೀತು ಬಿಡು’ ಎಂದರು. ಲಗ್ನಪತ್ರಿಕೆಯ ಸಿಟ್ಟು ಅಷ್ಟರಲ್ಲಿ ಆರಿತ್ತು.

ಹೆಡ್ ಮಿಸ್ಸಿನ ಕೋಣೆಯಲ್ಲಿ ಮೇಷ್ಟ್ರು ಕುಳಿತುಕೊಳ್ಳದೆ ನಿಂತೇ ಮಾತಾಡಿದರು. ನಾನು ಬಡ ಕುಟುಂಬದವಳು, ಪ್ರಾಮಾಣಿಕಳು, ಅವಮಾನ ಮಾಡುವ ಉದ್ದೇಶ ಇರಲಿಲ್ಲ ಎಂದೆಲ್ಲ ಹೇಳಿದ್ದಿರಬೇಕು. ದೇವರಿಗೆ ಅಷ್ಟೋತ್ತರ ಹೇಳಿದ ಹಾಗಿತ್ತು. ಹೆಡ್ ಮಿಸ್ ಮರ್ಯಾದೆಯಿಂದಲೇ ಕೇಳಿಸಿಕೊಂಡರು. ಆಮೇಲೆ ಪೆನ್ನನ್ನು ಕೆಳಗಿಟ್ಟು, ನಗುಮುಖದಲ್ಲಿಯೇ, ಅವರು ಯಾವಾಗಲೂ ಆಡುವಷ್ಟೇ ವೇಗದಲ್ಲಿ ಅಂದರು: ‘ಐ ಕಾಂಟ್ ಕೀಪ್ ಹರ್ ಆನ್, ಯು ಸೀ, ಇಫ್ ದಿ ಲಿಟಲ್ ಒನ್ಸ್ ಕಾಂಟ್ ಮೇಕ್ ಹರ್ ಔಟ್. ಐ ವಿಲ್ ಹ್ಯಾವ್ ಟು ಲೆಟ್ ಹರ್ ಗೋ.’

ಹಿಂದಿನ ಆಯಾಳನ್ನು ಕಳಿಸಿದ ಸುದ್ದಿ ಆಡುವಾಗ ಟೀಚರುಗಳ ಬಾಯಲ್ಲಿ ಇದೇ ಮಾತು ಹತ್ತು ಸಲ ಬಂದಿತ್ತು. ಮಕ್ಕಳಿಗೆ ಇವಳ ಮಾತು ತಿಳಿಯದಿದ್ದರೆ ಇಟ್ಟುಕೊಳ್ಳಲು ಆಗದು, ಕಳಿಸಬೇಕಾಗುತ್ತದೆ. ಮೇಷ್ಟ್ರ ಕಡೆ ನೋಡಿದೆ, ಏನಾದರೂ ಹೇಳುತ್ತಾರೆ ಎಂದು.

ಮೇಷ್ಟ್ರು ಟೋಪಿ ತೆಗೆದು, ತಲೆ ಬಾಗಿಸಿ, ‘ಥ್ಯಾಂಕ್ಯೂ ಮೇಡಂ. ಐ ಆಮ್ ಡೀಪ್ಲಿ ಒಬ್ಲೈಜ್ಡ್’ ಎಂದರು. ಬಹಳ ಉಪಕಾರವಾಯಿತು ಎಂದು.

ಹೆಡ್ ಮಿಸ್ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಮೇಷ್ಟ್ರ ಮುಖದಲ್ಲಿ ಸಂತೋಷ. ಕೆಲಸ ಉಳಿಸಿಕೊಟ್ಟೆ ಎಂದುಕೊಂಡಿದ್ದರು. ಇನ್ನು ಒಂದು ಕ್ಷಣ ಬಿಟ್ಟರೆ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿಬಿಡುತ್ತಿದ್ದರು, ನನ್ನ ದೊಡ್ಡವಳು ಮುಂದಿನ ವಾರವೇ ಗಾರ್ಮೆಂಟ್ಸಿನ ಗೇಟಿನಲ್ಲಿ ನಿಲ್ಲುತ್ತಿದ್ದಳು.

‘ಮೇಡಂ, ಡೋಂಟ್ ಲೆಟ್ ಮಿ ಗೋ’ ಎಂದೆ. ಅದು ಬಾಯಿಪಾಠ ಮಾಡಿದ್ದಲ್ಲ. ‘ಐ ವಿಲ್ ಪಿಕ್ ಇಟ್ ಅಪ್. ಫ್ರಮ್ ದೆಮ್’ ಎಂದು ಕಿಟಕಿಯ ಆಚೆ ಮಣ್ಣಿನಲ್ಲಿ ಆಡುತ್ತಿದ್ದ ಮಕ್ಕಳ ಕಡೆ ಕೈ ತೋರಿಸಿದೆ.

ಹೆಡ್ ಮಿಸ್ ಕನ್ನಡಕ ತೆಗೆದರು. ನಾನು ಸೇರಿದ ಮೇಲೆ ಅವರು ನನ್ನನ್ನು ಸರಿಯಾಗಿ ನೋಡಿದ್ದು ಅವತ್ತೇ. ‘ಆಲ್ ರೈಟ್. ಟಿಲ್ ದಿ ಎಂಡ್ ಆಫ್ ಟರ್ಮ್’ ಎಂದರು. ಅಂದರೆ ಇನ್ನು ಎರಡು ತಿಂಗಳು.

ವಾಪಸು ನಡೆದುಕೊಂಡೇ ಬಂದೆವು. ಗಾಂಧಿಬಜಾರಿನ ಹೂವಿನ ಅಂಗಡಿಗಳು ಮುಗಿದ ಮೇಲೆ ಮೇಷ್ಟ್ರು ನಿಂತರು.

‘ಆಕೆ ಕೊನೇಲಿ ಏನಂದ್ಲು?’

‘ಟರ್ಮ್ ಮುಗಿಯೋವರ್ಗೂ ನೋಡ್ತೀನಿ ಅಂದ್ರು.’

‘ಅದು ತಿಳೀತು. ಅದಕ್ಕೆ ಮುಂಚೆ?’

‘ಇಟ್ಕೊಳ್ಳೋಕಾಗಲ್ಲ, ಕಳಿಸ್ತೀನಿ ಅಂದ್ರು. ನೀವು ಥ್ಯಾಂಕ್ಯೂ ಅಂದ್ರಿ.’

ಬೇರೆ ಯಾರಾದರೂ ಆಗಿದ್ದರೆ ಸುತ್ತಿ ಬಳಸಿ ಹೇಳುತ್ತಿದ್ದರೋ ಏನೋ. ನನಗೆ ಸಿಟ್ಟು ಬಂದಿತ್ತು. ಅವರು ರಸ್ತೆಯ ಪಕ್ಕದ ಕಲ್ಲುಬೆಂಚಿನ ಮೇಲೆ ಕುಳಿತರು. ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

‘ಪದ ಎಲ್ಲಾ ಗೊತ್ತಿತ್ತು ಕಣಮ್ಮ. ಕೀಪ್ ಗೊತ್ತು. ಹರ್ ಗೊತ್ತು. ಆನ್ ಗೊತ್ತು. ಮೂರೂ ಸೇರಿದ್ದು ತಿಳೀಲಿಲ್ಲ. ತಿಳಿಯೋಷ್ಟರಲ್ಲಿ ಆಕೆ ಮುಂದಕ್ಕೆ ಹೋಗಿದ್ಲು. ನಗ್ತಾ ಇದ್ಲಲ್ಲ, ಒಳ್ಳೇದೇ ಇರಬೇಕು ಅಂದ್ಕೊಂಡೆ.’

‘ಹಾಗಾದ್ರೆ ಮೂವತ್ತೈದು ವರ್ಷ ಏನು ಪಾಠ ಮಾಡಿದ್ರಿ?’

‘ಪರೀಕ್ಷೆಗೆ ಮಾಡ್ದೆ’ ಎಂದರು. ಟೋಪಿಯ ಧೂಳು ಕೊಡವುತ್ತ, ‘ನಂಜೊತೆ ಇಂಗ್ಲಿಷಲ್ಲಿ ಮಾತಾಡ್ದೋರು ಯಾರಿದ್ರಮ್ಮ? ಇನ್ಸ್‌ಪೆಕ್ಟರು ವರ್ಷಕ್ಕೊಂದ್ಸಲ ಬರೋರು. ಅವರೂ ನಮ್ಮ ಹಾಸನದ ಕಡೆಯೋರೇ’ ಎಂದರು.

ಬಿಸಿಲು ಜಾಸ್ತಿಯಾಗುತ್ತಿತ್ತು, ಏಳಿ ಎಂದೆ.

ಮಾರನೆಯ ಸಂಜೆ ನಾನು ಶಾಲೆಯಿಂದ ಬರುವ ಹೊತ್ತಿಗೆ ಜಗಲಿಯ ಮೇಲೆ ಹೊಸ ನೋಟ್‌ಬುಕ್ಕು ಹಿಡಿದು ಕುಳಿತಿದ್ದರು. ತರಕಾರಿ ತಂದವಳನ್ನು ಕೇಳುವಂತೆ, ‘ಇವತ್ತು ಏನೇನ್ ತಂದೆ?’ ಎಂದರು. ಅವತ್ತು ನಾನು ಶಾಲೆಯಿಂದ ತಂದದ್ದು ನಾಲ್ಕು ಮಾತು. ಬರೆದುಕೊಂಡರು. ಯಾರು ಅಂದರು, ಯಾವಾಗ ಅಂದರು, ಅಂದ ಮೇಲೆ ಏನಾಯಿತು ಎಲ್ಲ ಬೇಕು ಅವರಿಗೆ. ವೇಗವಾಗಿ ಹೇಳು, ಆಕೆ ಹೇಳಿದಷ್ಟೇ ವೇಗವಾಗಿ ಎಂದು ಮತ್ತೆ ಮತ್ತೆ ಹೇಳಿಸುತ್ತಿದ್ದರು. ಕಣ್ಣು ಮುಚ್ಚಿ ಕೇಳುವರು. ತಿಳಿಯದಿದ್ದರೆ ಇನ್ನೊಮ್ಮೆ.

ನನಗೆ ಕಿವಿ ಇತ್ತು, ಅವರಿಗೆ ತಲೆ ಇತ್ತು. ನಾನು ಒಮ್ಮೆ ‘ಪುಟ್ ಆನ್ ಇಟ್’ ಎಂದಾಗ ಒಂದು ಮಗು ನನ್ನನ್ನು ತಿದ್ದಿತು. ಯಾಕೆ ತಪ್ಪು ಎಂದು ಮಗುವಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮೇಷ್ಟ್ರು ಒಂದು ವಾರ ನೋಟ್‌ಬುಕ್ಕು ತಿರುವಿ ಕೂತರು. ಆಮೇಲೆ ಹೇಳಿದರು: ‘ಇಟ್, ಹಿಮ್, ಹರ್, ದೆಮ್, ಇವೆಲ್ಲ ಕೈಗೂಸು ಇದ್ದಹಾಗೆ ಕಣಮ್ಮ. ಅಪ್ಪ ಅಮ್ಮನ ಮಧ್ಯೆ ಮಲಗಬೇಕು. ಪುಟ್ ಈ ಕಡೆ, ಆನ್ ಆ ಕಡೆ, ಕೂಸು ಮಧ್ಯೆ. ಅದೇ ಶೂ ಅಂತ ಹೆಸರು ಹೇಳಿದ್ರೆ ಬೆಳೆದ ಹುಡುಗ. ಮಧ್ಯೆ ಆದ್ರೂ ಮಲಗ್ಲಿ, ಆಚೆ ಆದ್ರೂ ಮಲಗ್ಲಿ.’

‘ಲುಕ್ ಆಫ್ಟರ್ ಹರ್ ಅಂತಾರಲ್ಲ? ಅಲ್ಲಿ ಕೂಸು ಕೊನೇಲಿದೆ.’

‘ಅವ್ರಿಬ್ರೂ ಒಬ್ಬರನ್ನೊಬ್ರು ಬಿಟ್ಟಿರಲ್ಲ. ಮಧ್ಯೆ ಯಾರಿಗೂ ಜಾಗ ಕೊಡಲ್ಲ. ವೇಟ್ ಫಾರ್ ಅನ್ನೋದೂ ಹಾಗೇ.’

‘ಪುಟ್ ಅಪ್ ವಿತ್ ದೆಮ್?’

‘ಅದು ಅವಿಭಕ್ತ ಕುಟುಂಬ’ ಎಂದರು. ನನಗೆ ನಗು ಬಂತು. ಸಹಿಸಿಕೊಂಡು ಇರುವುದು ಎಂಬ ಮಾತಿಗೆ ಅಷ್ಟು ಜನ ಬೇಕಾಗುತ್ತದೆ, ಸರಿಯೇ.

ಆ ಲೆಕ್ಕ ತಲೆಗೆ ಹತ್ತಿದ ಮೇಲೆ ನನಗೆ ಹೆದರಿಕೆ ಹೋಯಿತು. ಹೊಸ ಪದ ಬಂದರೂ ಕೂಸನ್ನು ಎಲ್ಲಿ ಮಲಗಿಸಬೇಕು ಎಂದು ನೋಡುತ್ತಿದ್ದೆ. ತಪ್ಪಿದರೆ ಮಕ್ಕಳು ಹೇಳುತ್ತಿದ್ದವು. ಇತ್ತ ಮೇಷ್ಟ್ರು ಚಪ್ಪಲಿ ಬಿಡುವಾಗ ‘ಟೇಕ್ ದೆಮ್ ಆಫ್’, ರೇಡಿಯೋ ಆರಿಸುವಾಗ ‘ಸ್ವಿಚ್ ಇಟ್ ಆಫ್’ ಎಂದು ತಮಗೆ ತಾವೇ ಹೇಳಿಕೊಂಡು ಓಡಾಡತೊಡಗಿದರು. ಮೇಷ್ಟ್ರಿಗೆ ವಯಸ್ಸಾಯಿತು ಎಂದು ವಠಾರದವರು ಕಣ್ಣು ಮಿಟುಕಿಸಿದರು. ಟ್ಯೂಷನ್ ಮಕ್ಕಳಿಗೂ ಅದನ್ನೇ ಹೇಳಿಕೊಡಲು ಹೋದರು. ಇದು ಪರೀಕ್ಷೆಗೆ ಬರುವುದಿಲ್ಲ ಎಂದು ಇಬ್ಬರ ಅಪ್ಪಂದಿರು ಮಕ್ಕಳನ್ನು ಬಿಡಿಸಿಕೊಂಡರು. ‘ನಿಮಗ್ಯಾಕೆ ಇದು ಈ ವಯಸ್ಸಲ್ಲಿ?’ ಎಂದು ನಾನೇ ಕೇಳಿದೆ. ‘ಇನ್ನೊಂದ್ಸಲ ಯಾರಾದ್ರೂ ಬೇಡ ಅಂದಾಗ ಥ್ಯಾಂಕ್ಯೂ ಅನ್ನಬಾರದಲ್ಲ’ ಎಂದರು.

ಟರ್ಮಿನ ಕೊನೆಯ ದಿನ ಹೆಡ್ ಮಿಸ್ ಕರೆದರು. ‘ವಿ ವುಡ್ ಲೈಕ್ ಯು ಟು ಸ್ಟೇ ಆನ್’ ಎಂದರು. ಮುಂದೆ ‘ಬಟ್’ ಬರುತ್ತದೆ ಎಂದು ಕಾದೆ. ಬರಲಿಲ್ಲ. ಆ ಶಾಲೆಯಲ್ಲಿ ಹದಿನಾಲ್ಕು ವರ್ಷ ಇದ್ದೆ. ದೊಡ್ಡವಳು ಪಿಯುಸಿ ಮುಗಿಸಿ ಟೈಪಿಂಗ್ ಕಲಿತು ಕೆಲಸಕ್ಕೆ ಸೇರಿದಳು. ಚಿಕ್ಕವಳು ಡಿಗ್ರಿ ಮಾಡಿದಳು.

ಕೆಲಸ ಖಾಯಂ ಆದ ಸುದ್ದಿ ಸಂಜೆಯೊಳಗೆ ವಠಾರದ ಎಂಟು ಮನೆಗೂ ತಲುಪಿತು. ಅವರ ಲೆಕ್ಕದಲ್ಲಿ ಮೇಷ್ಟ್ರು ಕೋಟು ಹಾಕಿಕೊಂಡು ಹೋಗಿದ್ದರು, ಇಂಗ್ಲಿಷಿನಲ್ಲಿ ದಬಾಯಿಸಿದ್ದರು, ಕೆಲಸ ಉಳಿದಿತ್ತು. ಹೆಂಗಸರೆಲ್ಲ ಸೇರಿ ಒಂದು ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ, ಒಂದು ಜರಿಯಂಚಿನ ಟವೆಲು ಇಟ್ಟುಕೊಂಡು ಮೇಷ್ಟ್ರ ಮನೆಗೆ ಹೊರಟರು. ಪದ್ಮಮ್ಮ ಮುಂದೆ. ನನ್ನನ್ನೂ ಎಳೆದುಕೊಂಡು ಹೋದರು.

ಮೇಷ್ಟ್ರು ತಟ್ಟೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

‘ಇದು ನನಗಲ್ಲ. ಅವಳ ಮನೆಗೆ ತಗೊಂಡ್ಹೋಗಿ. ನಾನು ಅಲ್ಲಿ ಹೋಗಿ ಮಾಡಿದ್ದೇನು? ಆಕೆ ಇವಳನ್ನ ಕಳಿಸ್ತೀನಿ ಅಂದ್ಲು. ನಂಗೆ ಅದು ತಿಳೀಲಿಲ್ಲ. ಥ್ಯಾಂಕ್ಯೂ ಅಂದೆ. ಇವಳೇ ಮಾತಾಡಿ ಉಳಿಸ್ಕೊಂಡಿದ್ದು.’

ಹೆಂಗಸರೆಲ್ಲ ನಕ್ಕರು. ‘ನೋಡಿ, ಎಂಥಾ ದೊಡ್ಡತನ!’ ಎಂದರು ಪದ್ಮಮ್ಮ. ‘ಮೇಷ್ಟ್ರಿಗೆ ಇಂಗ್ಲಿಷ್ ತಿಳೀಲಿಲ್ವಂತೆ, ಕೇಳ್ರೇ!’ ಮತ್ತೆ ನಗು. ಮೇಷ್ಟ್ರು ಇನ್ನೊಂದು ಸಲ ಹೇಳಿದರು, ಮೊದಲಿಗಿಂತ ಜೋರಾಗಿ. ಹೆಂಗಸರು ಇನ್ನೂ ಜೋರಾಗಿ ನಕ್ಕು ಟವೆಲನ್ನು ಹೆಗಲ ಮೇಲೆ ಹಾಕಿಯೇಬಿಟ್ಟರು. ಮನುಷ್ಯ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಾನೆ, ಒಬ್ಬರೂ ನಂಬಲು ತಯಾರಿಲ್ಲ.

ಆಗ ಅವರು ನನ್ನ ಕಡೆ ನೋಡಿದರು. ಸುಳ್ಳು ಹೇಳುವುದು ನನಗೆ ಕಷ್ಟವೇನಲ್ಲ, ರೇಷನ್ ಆಫೀಸಿನಲ್ಲಿ ಎಷ್ಟೋ ಹೇಳಿದ್ದೇನೆ. ಅವರಿಗೆ ನನ್ನಿಂದ ಬೇಕಾಗಿದ್ದುದು ಅದಲ್ಲ.

‘ಹೌದು, ಅವ್ರು ಹೇಳ್ತಿರೋದು ನಿಜ’ ಎಂದೆ. ‘ಅವ್ರಿಗೆ ತಿಳೀಲಿಲ್ಲ. ಥ್ಯಾಂಕ್ಯೂ ಅಂದ್ರು. ನಾನೇ ಮಾತಾಡ್ದೆ.’

ನಗು ನಿಂತಿತು. ತಟ್ಟೆ ಹಿಡಿದ ಕೈ ಹಾಗೇ ಇತ್ತು. ಪದ್ಮಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ‘ಅನ್ನ ಹಾಕಿದ ಕೈಯನ್ನೇ ಕಚ್ಚೋ ಜಾತಿ ನೀನು’ ಎಂದರು. ಒಬ್ಬೊಬ್ಬರೇ ಹೊರಟು ಹೋದರು. ಮೇಷ್ಟ್ರು ಟವೆಲನ್ನು ಹೆಗಲಿನಿಂದ ತೆಗೆದು ಮಡಿಸಿದರು, ಅಂಚಿಗೆ ಅಂಚು ಕೂಡಿಸಿ, ನಿಧಾನವಾಗಿ. ಅವರ ಮುಖ ಅಷ್ಟು ಹಗುರವಾಗಿದ್ದುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮಾರನೆಯ ದಿನದಿಂದ ವಠಾರದಲ್ಲಿ ನನ್ನ ಜೊತೆ ಯಾರದೂ ಮಾತಿಲ್ಲ. ಅದನ್ನು ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ನೀರು ಬರುತ್ತಿದ್ದುದು ದಿನ ಬಿಟ್ಟು ದಿನ, ಒಂದು ಗಂಟೆ. ನನ್ನ ಬಿಂದಿಗೆಯನ್ನು ಎಷ್ಟು ಬೇಗ ತಂದಿಟ್ಟರೂ ಅದು ಸಾಲಿನ ಕೊನೆಗೆ ಹೋಗಿಬಿಡುತ್ತಿತ್ತು. ಎರಡು ಸಲ ನನ್ನ ಸರದಿ ಬರುವ ಮುಂಚೆಯೇ ನೀರು ನಿಂತಿತು. ಜಗಳವಾಡಿದರೂ ಯಾರೂ ಬಾಯಿ ಬಿಡಲಿಲ್ಲ.

ಮೂರನೆಯ ಸಲ ಮೇಷ್ಟ್ರು ತಮ್ಮ ಬಾಗಿಲಿನಿಂದ ಎದ್ದು ಬಂದರು. ಕೊನೆಯಲ್ಲಿದ್ದ ನನ್ನ ಬಿಂದಿಗೆಯನ್ನು ಎತ್ತಿಕೊಂಡು ನೇರವಾಗಿ ಮುಂದೆ ಹೋಗಿ ನಲ್ಲಿಯ ಕೆಳಗೆ ಇಟ್ಟರು. ಎಪ್ಪತ್ತರ ಮೇಲಿನ ಗಂಡಸು ಹೆಂಗಸರ ಸಾಲಿನಲ್ಲಿ ನಿಂತಿದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಹಿಂದೆ ಸರಿಯಿರಿ ಎಂದು ಮೇಷ್ಟ್ರಿಗೆ ಹೇಳುವ ಧೈರ್ಯ ಪದ್ಮಮ್ಮನಿಗೂ ಇರಲಿಲ್ಲ. ತುಂಬಿದ ಮೇಲೆ ಮೇಷ್ಟ್ರು ಅದನ್ನು ಸೊಂಟಕ್ಕೆ ಇಟ್ಟುಕೊಳ್ಳಲು ನೋಡಿದರು, ಬರಲಿಲ್ಲ. ಎರಡು ಕೈಯಲ್ಲಿ ತಬ್ಬಿಕೊಂಡು, ಹೆಜ್ಜೆ ಹೆಜ್ಜೆಗೂ ಚೆಲ್ಲುತ್ತ ನಡೆದು ಬಂದು ನನ್ನ ಹೊಸಲಿನ ಹತ್ತಿರ ಇಟ್ಟು ಹೋದರು. ಬಿಂದಿಗೆಯಲ್ಲಿ ಅರ್ಧ ನೀರಿತ್ತು. ಉಳಿದರ್ಧ ಅವರ ಪಂಚೆಯಲ್ಲಿತ್ತು.